ಮಾಲೀಕರಿಗೂ ವಾರದ ರಜೆ: ಸಣ್ಣ ಉದ್ಯಮಿಗಳು ಕೆಲಸಕ್ಕೆ ಎಲ್ಲೆ ಹಾಕಿಕೊಳ್ಳುವ ಬಗೆ

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲಿಯೇ ನೌಕರರ ದುಡಿಮೆಗೆ ವಾರಕ್ಕೆ 48 ಗಂಟೆಗಳ ಮಿತಿ ಹಾಕಿತು. ವಾರಕ್ಕೊಂದು ದಿನ ರಜೆ ಕೊಡಲೇಬೇಕೆಂದೂ ಹೇಳಿತು. ಬಾಗಿಲು ತೆಗೆಯುವ ಮಾಲೀಕರ ದುಡಿಮೆಗೆ ಮಿತಿ ಹಾಕುವವರು ಮಾತ್ರ ಯಾರೂ ಇಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಹೆಗಲಿಗೆ ನೊಗ ಇಡದಿರುವ ರೂಢಿಯಿದೆ. ಎತ್ತು ದಣಿದಿದೆಯೇ ಎಂದು ವಾರವಾರವೂ ವಿಚಾರಿಸಿ ತೀರ್ಮಾನಿಸುವ ರಜೆ ಅದಲ್ಲ. ದಿನ ಮೊದಲೇ ಗೊತ್ತಾಗಿರುವುದರಿಂದ ಉಳಿದ ಕೆಲಸಗಳೇ ಅದಕ್ಕೆ ಹೊಂದಿಕೊಂಡು ಸಾಗುತ್ತವೆ. ಸ್ವಂತ ಉದ್ಯಮ ನಡೆಸುವವರು ಕಲಿಯಬೇಕಾದದ್ದು ಈ ಕ್ರಮವನ್ನು. ಪುರುಸೊತ್ತು ಸಿಕ್ಕಾಗ ವಿಶ್ರಾಂತಿ ಎಂದು ಕಾಯುವವರಿಗೆ ಪುರುಸೊತ್ತು ಸಿಗುವುದೇ ಇಲ್ಲ.

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕಾಲೇಜುಗಳ ಪ್ರಶ್ನೆಪತ್ರಿಕೆ, ಚುನಾವಣೆ ಬಂದರೆ ಕರಪತ್ರ, ಇವು ನಮ್ಮ ಕೆಲಸಗಳು. ಮೊದಲ ಹಲವು ವರ್ಷ ನಾನು ಫೋನನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡೇ ಮಲಗಿದೆ. ನನ್ನ ತಮ್ಮನ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ನಾನು ಮಂಟಪದ ಹಿಂದೆ ನಿಂತು, ಬೇರೆ ಯಾರದೋ ಲಗ್ನಪತ್ರಿಕೆಯಲ್ಲಿ ಅವರ ಸೋದರಮಾವನ ಇನಿಶಿಯಲ್ ತಿದ್ದಿಸುತ್ತಿದ್ದೆ. ತಮ್ಮ ಅದನ್ನು ಒಮ್ಮೆಯೂ ಎತ್ತಿ ಆಡಿಲ್ಲ, ಆದರೆ ನನಗೆ ಇಂದಿಗೂ ಅದು ಮರೆತಿಲ್ಲ. ಮುಂದೆ ಬರೆದಿರುವುದೆಲ್ಲ ಆ ದಿನದ ನಂತರ ಒಂದೊಂದಾಗಿ ಕಲಿತದ್ದು. ಉದಾಹರಣೆಗಳು ಮುದ್ರಣದವಾದರೂ ಹೊಲಿಗೆ, ಅಡುಗೆ ಕಂತ್ರಾಟು, ಸಾಫ್ಟ್‌ವೇರ್ ಯಾವ ಕಸುಬಿಗಾದರೂ ಇವು ಹೊಂದುತ್ತವೆ.

ಮೊದಲು ಎರಡು ವಾರ ಯಾವ ನಿಯಮವನ್ನೂ ಮಾಡಬೇಡಿ, ಬರೆದಿಡಿ ಅಷ್ಟೇ. ಸಂಜೆ 7ರಿಂದ ಬೆಳಗಿನ 9ರವರೆಗೆ ಮತ್ತು ರಜೆಯ ದಿನದಂದು ಕೆಲಸದ ಸಲುವಾಗಿ ಬಂದ ಪ್ರತಿಯೊಂದು ಕರೆ, ಸಂದೇಶ, ಭೇಟಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ: ಯಾರದು, ಯಾತಕ್ಕೆ, ಬೆಳಿಗ್ಗೆಯವರೆಗೆ ಕಾದಿದ್ದರೆ ಏನಾಗುತ್ತಿತ್ತು. ಎಲ್ಲರೂ ಎಲ್ಲ ಹೊತ್ತಿನಲ್ಲೂ ಪೀಡಿಸುತ್ತಾರೆ ಎಂದು ನಾನು ತಿಳಿದಿದ್ದೆ. ಬರೆದು ನೋಡಿದಾಗ ರಾತ್ರಿಯ ಕರೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು ಎಂದು ತಿಳಿಯಿತು: ಲಗ್ನಪತ್ರಿಕೆಯ ಪ್ರೂಫಿನ, ಅಂದರೆ ಅಚ್ಚಿಗೆ ಮುನ್ನ ತೋರಿಸುವ ಕರಡು ಪ್ರತಿಯ, ತಿದ್ದುಪಡಿ. ಅದಕ್ಕೊಂದು ಕಾರಣವೂ ಇತ್ತು. ಮನೆಯ ಹಿರಿಯರು, ಬೀಗರು, ಅತ್ತೆ–ಮಾವಂದಿರು ಒಟ್ಟಿಗೆ ಕುಳಿತು ಪತ್ರಿಕೆಯ ಹೆಸರುಗಳನ್ನು ನೋಡುವುದು ರಾತ್ರಿ ಊಟದ ನಂತರವೇ. ಒಬ್ಬರು ಒಂದು ತಪ್ಪು ಹೇಳಿದೊಡನೆ ಫೋನು, ಹತ್ತು ನಿಮಿಷಕ್ಕೆ ಇನ್ನೊಬ್ಬರಿಗೆ ಇನ್ನೊಂದು ಹೆಸರು ನೆನಪಾದರೆ ಮತ್ತೆ ಫೋನು. ಇದರಲ್ಲಿ ಗ್ರಾಹಕರ ಅವಿವೇಕವೇನೂ ಇರಲಿಲ್ಲ. ನನ್ನ ಕೆಲಸದ ಕ್ರಮವೇ ಆ ಕರೆಗಳನ್ನು ಕರೆಯುತ್ತಿತ್ತು.

ಹೀಗಾಗಿ ಫೋನ್ ಆರಿಸುವ ಮೊದಲು ನಾನು ಪ್ರೂಫಿನ ಕ್ರಮವನ್ನು ಬದಲಿಸಿದೆ. ಈಗ ಪ್ರೂಫ್ ಸಂಜೆ 6ರ ಒಳಗೆ ಗ್ರಾಹಕರಿಗೆ ಹೋಗುತ್ತದೆ. ಅದರ ಜೊತೆಯಲ್ಲೇ ಒಂದು ಮಾತು: ಇಂದು ರಾತ್ರಿ ಮನೆಯವರೆಲ್ಲ ಕುಳಿತು ನೋಡಿ, ತಿದ್ದುಪಡಿಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು, ಅದರ ಚಿತ್ರವನ್ನು ಮನೆಯ ಒಬ್ಬರೇ ನಾಳೆ ಬೆಳಿಗ್ಗೆ 10ರ ಒಳಗೆ ಕಳುಹಿಸಿ. ಎರಡು ಸಲದ ತಿದ್ದುಪಡಿ ದರದಲ್ಲೇ ಸೇರಿದೆ, ಮೂರನೆಯದಕ್ಕೆ ಬೇರೆ ಹಣ. ಕೊನೆಯ ಪ್ರತಿಯ ಮೇಲೆ ಸಹಿ ಬಿದ್ದ ಮೇಲೆಯೇ ಅಚ್ಚಿನ ಪ್ಲೇಟ್ ಮಾಡುತ್ತೇವೆ. ಈ ನಾಲ್ಕು ಮಾತುಗಳನ್ನು ಮುಂಗಡ ಪಡೆಯುವ ರಸೀದಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿ, ಮುಂಗಡ ಕೊಡುವಾಗಲೇ ಓದಿ ಹೇಳುತ್ತೇವೆ. ಒಂದು ಮದುವೆಯ ಋತು ಕಳೆಯುವಷ್ಟರಲ್ಲಿ ರಾತ್ರಿಯ ಕರೆಗಳು ಎಣಿಸುವಷ್ಟಕ್ಕೆ ಇಳಿದವು. ಹೆಸರಿನ ತಪ್ಪುಗಳೂ ಕಡಿಮೆಯಾದವು. ನಿಮ್ಮ ನೋಟ್‌ಬುಕ್ಕಿನಲ್ಲಿಯೂ ಇಂಥ ಒಂದು ಮುಖ್ಯ ಬಿರುಕು ಕಂಡೇ ಕಾಣುತ್ತದೆ. ಅದನ್ನು ಮುಚ್ಚದೆ ಬರೀ ಫೋನ್ ಆರಿಸಿದರೆ ಕೆಲಸ ಬೆಳಿಗ್ಗೆ ಎರಡರಷ್ಟಾಗಿ ಕಾಯುತ್ತಿರುತ್ತದೆ, ನಿಮ್ಮ ನಿಯಮ ವಾರದೊಳಗೆ ಮುರಿಯುತ್ತದೆ.

ಇನ್ನು ಫೋನಿನ ಮಾತು. ಅಂಗಡಿಗೆ ಬೇರೆ ಸಿಮ್, ಸಾಧ್ಯವಾದರೆ ಬೇರೆಯದೇ ಹ್ಯಾಂಡ್‌ಸೆಟ್ ಇರಲಿ, ರಾತ್ರಿ ಅದು ಅಂಗಡಿಯ ಗಲ್ಲೆಯಲ್ಲಿಯೇ ಉಳಿಯಲಿ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕೆಲಸದ ಸಮಯವನ್ನು ನಮೂದಿಸಿ, ಆ ಸಮಯದ ಹೊರಗೆ ಬರುವ ಸಂದೇಶಗಳಿಗೆ ತಾನಾಗಿಯೇ ಉತ್ತರ ಹೋಗುವಂತೆ ಮಾಡುವ ಸೌಲಭ್ಯವಿದೆ. ಆ ಉತ್ತರದಲ್ಲಿ “ಅಂಗಡಿ ಮುಚ್ಚಿದೆ” ಎಂದಷ್ಟೇ ಬರೆದರೆ ಸಾಲದು. “ನಿಮ್ಮ ಸಂದೇಶ ತಲುಪಿದೆ, ನಾಳೆ ಬೆಳಿಗ್ಗೆ 10ರಿಂದ 11ರ ನಡುವೆ ಖಂಡಿತ ಉತ್ತರಿಸುತ್ತೇವೆ” ಎಂದು ಬರೆಯಿರಿ, ಬರೆದಂತೆ ನಡೆದುಕೊಳ್ಳಿ. ಗ್ರಾಹಕರನ್ನು ಕಾಡುವುದು ತಡಕ್ಕಿಂತ ಹೆಚ್ಚಾಗಿ, ಉತ್ತರ ಬರುತ್ತದೋ ಇಲ್ಲವೋ ಎಂಬ ಅನುಮಾನ. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು: ರಾತ್ರಿ 11ಕ್ಕೆ ನೀವಾಗಿಯೇ ಒಮ್ಮೆ ಉತ್ತರಿಸಿದರೆ, ಆ ಗ್ರಾಹಕರ ಮಟ್ಟಿಗೆ ನಿಮ್ಮ ಅಂಗಡಿ ರಾತ್ರಿ 11ರವರೆಗೆ ತೆರೆದಿರುತ್ತದೆ ಎಂದೇ ಅರ್ಥ.

ತುರ್ತು ಎಂಬುದಕ್ಕೆ ವ್ಯಾಖ್ಯೆ ಮೊದಲೇ ಬರೆದಿರಬೇಕು. ನಮ್ಮಲ್ಲಿ ಮೂರೇ ಸಂಗತಿಗಳು ತುರ್ತು: ಕೆಲಸಗಾರರಿಗೆ ಪೆಟ್ಟಾದರೆ, ಅಂಗಡಿಯಲ್ಲಿ ಬೆಂಕಿಯೋ ವಿದ್ಯುತ್ತಿನ ಅವಘಡವೋ ಆದರೆ, ಹಂಚಲು ಒಯ್ದ ಪತ್ರಿಕೆಯಲ್ಲಿ ಮುಹೂರ್ತವೋ ಸ್ಥಳವೋ ತಪ್ಪಾಗಿದ್ದರೆ. ಇವುಗಳಿಗೆ ನಮ್ಮ ಹಿರಿಯ ಕೆಲಸಗಾರರು ನನ್ನ ಮನೆಯ ಫೋನಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಉಳಿದುದೆಲ್ಲ ಬೆಳಿಗ್ಗೆಗೆ.

ಇಷ್ಟು ಹೇಳಿದ ಮೇಲೂ ಅನೇಕರು ಎಲ್ಲೆ ಹಾಕಿಕೊಳ್ಳಲಾರದೆ ಹೋಗುವುದಕ್ಕೆ ಆಳದ ಕಾರಣ ಹಣದ್ದು. ಅಂಗಡಿಯ ಹಣವೂ ಮನೆಯ ಹಣವೂ ಒಂದೇ ಖಾತೆಯಲ್ಲಿ, ಒಂದೇ ಕಿಸೆಯಲ್ಲಿ ಓಡಾಡುತ್ತಿದ್ದರೆ ಈ ಒಂದು ಕೆಲಸವನ್ನು ಬಿಟ್ಟರೆ ನಡೆದೀತೇ ಇಲ್ಲವೇ ಎಂಬುದು ಮಾಲೀಕರಿಗೇ ತಿಳಿದಿರುವುದಿಲ್ಲ, ತಿಳಿಯದವರು ಎಲ್ಲದಕ್ಕೂ ಒಪ್ಪಿಕೊಳ್ಳುತ್ತಾರೆ. ಅಂಗಡಿಗೆ ಬೇರೆ ಚಾಲ್ತಿ ಖಾತೆ ತೆರೆಯಿರಿ. ಪ್ರತಿ ತಿಂಗಳು ಗೊತ್ತಾದ ಒಂದು ದಿನ, ಗೊತ್ತಾದ ಒಂದು ಮೊತ್ತವನ್ನು ಸಂಬಳದಂತೆ ಮನೆಯ ಖಾತೆಗೆ ವರ್ಗಾಯಿಸಿ, ಮನೆ ಅದರಲ್ಲಿಯೇ ನಡೆಯಲಿ. ಅಂಗಡಿಯ ಬಾಡಿಗೆ, ಕೆಲಸಗಾರರ ಸಂಬಳ, ಸಾಲದ ಕಂತು, ನಿಮ್ಮ ಸಂಬಳ ಇವನ್ನು ಕೂಡಿಸಿದರೆ ತಿಂಗಳಿಗೆ ಎಷ್ಟು ದುಡಿಯಲೇಬೇಕು ಎಂಬ ಅಂಕಿ ಸಿಗುತ್ತದೆ. ಆ ಅಂಕಿಯನ್ನು ಗಲ್ಲೆಯ ಒಳಗೆ ಅಂಟಿಸಿಕೊಂಡಿದ್ದೇನೆ. ಭಾನುವಾರವೇ ಬೇಕೆಂದು ಯಾರಾದರೂ ಒತ್ತಾಯಿಸಿದಾಗ ಆಗುವುದಿಲ್ಲ ಎಂದು ಮೃದುವಾಗಿ ಹೇಳುವ ಧೈರ್ಯ ನನಗೆ ಬಂದದ್ದು ಅದರಿಂದ.

ಬಾಕಿ ವಸೂಲಿಯೂ ಸಂಜೆಗಳನ್ನು ತಿನ್ನುತ್ತದೆ. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇರುವ ಕಿರು ಅಥವಾ ಸಣ್ಣ ಉತ್ಪಾದಕರಿಗೆ ಹಾಗೂ ಸೇವೆ ಕೊಡುವವರಿಗೆ, 2006ರ ಎಂಎಸ್ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಕೊಳ್ಳುವ ಸಂಸ್ಥೆ ಒಪ್ಪಂದದ ಗಡುವಿನಲ್ಲಿ ಹಣ ಕೊಡಬೇಕು. ಆ ಗಡುವು 45 ದಿನ ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕಾಗುತ್ತದೆ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆಯನ್ನೂ ಈ ಗಡುವು, ಬಡ್ಡಿಯ ನಿಯಮವನ್ನೂ ಅಚ್ಚು ಹಾಕಿಸಿ. ದೊಡ್ಡ ಗ್ರಾಹಕರೊಡನೆ ಕಾಯ್ದೆಯ ಜಗಳಕ್ಕೆ ಇಳಿಯುವುದು ಸಣ್ಣವರಿಗೆ ಸುಲಭವಲ್ಲ, ನಿಜ. ಆದರೂ ವಸೂಲಿಯ ಕರೆಗಳಿಗೆ ವಾರದಲ್ಲಿ ಒಂದು ಬೆಳಗನ್ನು, ನಮ್ಮಲ್ಲಿ ಅದು ಗುರುವಾರ, ಮೀಸಲಿಟ್ಟು ಉಳಿದ ದಿನ ಆ ಚಿಂತೆಯನ್ನು ಪಕ್ಕಕ್ಕಿಡುವುದು ಎಲ್ಲರಿಗೂ ಸಾಧ್ಯ.

ಕೊನೆ ಗಳಿಗೆಯ ಕೆಲಸಗಳ ವಿಷಯದಲ್ಲಿ ಕಾಯ್ದೆಯೇ ಬೆನ್ನಿಗೆ ನಿಲ್ಲುವುದೂ ಉಂಟು. ಚುನಾವಣೆಯ ಸಮಯದಲ್ಲಿ ಮಧ್ಯರಾತ್ರಿ ಬಂದು ಬೆಳಗಾಗುವುದರೊಳಗೆ ಕರಪತ್ರ ಬೇಕೆನ್ನುವವರಿರುತ್ತಾರೆ. 1951ರ ಜನಪ್ರತಿನಿಧಿ ಕಾಯ್ದೆಯ 127ಎ ಕಲಮಿನಂತೆ ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಬೇಕು. ಪ್ರಕಾಶಕರು ಸಹಿ ಮಾಡಿದ, ಅವರನ್ನು ಬಲ್ಲ ಇಬ್ಬರು ದೃಢೀಕರಿಸಿದ ಘೋಷಣೆಯನ್ನೂ ಪಡೆಯಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆಯೂ ಆಗಬಹುದು. ನಿದ್ದೆಗೆಟ್ಟವರ ಕೈಯಲ್ಲಿ ಇಂಥ ತಪ್ಪು ಸುಲಭವಾಗಿ ಆಗುತ್ತದೆ. ನಿಮ್ಮ ಕಸುಬಿನಲ್ಲಿಯೂ ಆತುರದಲ್ಲಿ ಮಾಡಬಾರದ ಕೆಲಸಗಳ ಒಂದು ಪಟ್ಟಿ ಇರಲಿ.

ವರ್ಷದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ನಾನು ಮೊದಲು ಕೆಂಪು ಶಾಯಿಯಿಂದ ತೆರಿಗೆಯ ದಿನಗಳನ್ನು ಗುರುತಿಸುತ್ತೇನೆ: ತಿಂಗಳಿಗೊಮ್ಮೆ ಜಿಎಸ್‌ಟಿ ವಿವರ ಸಲ್ಲಿಸುವವರಿಗೆ 11 ಮತ್ತು 20ನೆಯ ತಾರೀಖು, ಮುಂಗಡ ಆದಾಯ ತೆರಿಗೆಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳುಗಳ 15. ಲೆಕ್ಕಪತ್ರಗಳು ಗಡುವಿನ ಐದು ದಿನ ಮೊದಲೇ ಸಲಹೆಗಾರರ ಕೈಸೇರಿದರೆ ಆ ರಾತ್ರಿಗಳು ಮನೆಗೆ ಉಳಿಯುತ್ತವೆ. ಆಮೇಲೆ ಹಸಿರು ಶಾಯಿಯಿಂದ ರಜೆಗಳು. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಮದುವೆಗಳಿಲ್ಲ, ಆದ್ದರಿಂದ ನಮ್ಮ ದೊಡ್ಡ ರಜೆ ಆಷಾಢದ ಒಂದು ವಾರ. ವ್ಯಾಪಾರ ಇಳಿಯಿತೆಂದು ಆ ದಿನಗಳಲ್ಲಿ ಕಂಗಾಲಾಗುತ್ತಿದ್ದ ನಾನು, ಅವನ್ನು ಮುಂಚಿತವಾಗಿಯೇ ಲೆಕ್ಕಕ್ಕೆ ಹಿಡಿದ ಮೇಲೆ ನೆಮ್ಮದಿಯಿಂದ ಊರಿಗೆ ಹೋಗುತ್ತೇನೆ. ನಿಮ್ಮ ಉದ್ಯಮದ ಆಷಾಢ ಯಾವುದೆಂದು ಹಿಂದಿನ ಎರಡು ವರ್ಷದ ಬಿಲ್ಲುಗಳನ್ನು ತಿಂಗಳವಾರು ಕೂಡಿಸಿದರೆ ತಿಳಿಯುತ್ತದೆ.

ಮನೆಯೊಳಗೇ ಉದ್ಯಮ ನಡೆಸುವವರ ಪಾಡು ಇನ್ನೂ ಕಷ್ಟ. ವಿಶೇಷವಾಗಿ ರೊಟ್ಟಿ, ಚಟ್ನಿಪುಡಿ, ಹೋಳಿಗೆ ಮಾಡಿ ಮಾರುವ ಹೆಣ್ಣುಮಕ್ಕಳಿಗೆ ಒಲೆಯೂ ಒಂದೇ, ದಿನವೂ ಒಂದೇ. ಮನೆಯಲ್ಲೇ ಇದ್ದಾರಲ್ಲ ಎಂದು ಗ್ರಾಹಕರೂ ಮನೆಯವರೂ ಒಟ್ಟಿಗೇ ಕೈಚಾಚುತ್ತಾರೆ. ಅಂಥವರಿಗೆ ನನ್ನ ಸಲಹೆ: ಪಾತ್ರೆ, ತಕ್ಕಡಿ, ಪ್ಯಾಕಿಂಗ್ ಸಾಮಾನುಗಳಿಗೆ ಬೇರೆ ಕಪಾಟು ಇರಲಿ, ಕೆಲಸ ಮುಗಿದಾಗ ಅದಕ್ಕೆ ಬೀಗ ಬೀಳಲಿ. ಸರಕು ಒಯ್ಯಲು ದಿನಕ್ಕೆ ಎರಡು ಗೊತ್ತಾದ ಹೊತ್ತುಗಳು ಮಾತ್ರ ಇರಲಿ. ಕೆಲಸದ ಹೊತ್ತಿನಲ್ಲಿ ಮನೆಗೆಲಸಕ್ಕೆ ಕರೆಯಬಾರದೆಂಬ ಮಾತನ್ನು ಗಂಡ, ಅತ್ತೆ, ಮಕ್ಕಳೊಡನೆ ಕುಳಿತು ಆಡಿ ಒಪ್ಪಿಸಿಕೊಳ್ಳಬೇಕು. ಇದಕ್ಕೆ ಮನೆಯ ಗಂಡಸರು ಒಂದು ಹೊತ್ತಿನ ಅಡುಗೆಯನ್ನಾದರೂ ವಹಿಸಿಕೊಳ್ಳದಿದ್ದರೆ ಉಳಿದ ಏರ್ಪಾಡೆಲ್ಲ ಕಾಗದದ ಮೇಲೆಯೇ ಉಳಿಯುತ್ತದೆ.

ದೇಹದ ಮಾತನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ 17% ಹೆಚ್ಚು. ನಿಮ್ಮ ನೋಟ್‌ಬುಕ್ಕಿನಲ್ಲಿ ಗಂಟೆಗಳನ್ನೂ ಕೂಡಿಸಿ ನೋಡಿ. ನಿದ್ದೆ ಕೆಟ್ಟು, ಇಷ್ಟಪಟ್ಟು ಹಿಡಿದ ಕಸುಬೇ ಬೇಸರವಾಗಿ, ಗ್ರಾಹಕರ ಮುಖ ಕಂಡರೆ ಸಿಡುಕು ಬರುವ ಸ್ಥಿತಿ ವಾರಗಟ್ಟಲೆ ಉಳಿದರೆ ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ, ಉಚಿತವಾಗಿ ಮಾತನಾಡಬಹುದು.

ಕೊನೆಯದು ಬೀಗದ ಕೈ. ಬೆಳಿಗ್ಗೆ ಅಂಗಡಿ ತೆಗೆಯುವುದರಿಂದ ಹಿಡಿದು ರಾತ್ರಿ ಮೇನ್ ಸ್ವಿಚ್ ಆರಿಸುವವರೆಗಿನ ಕ್ರಮವನ್ನು, ಯಾವ ಕಾಗದಕ್ಕೆ ಯಾವ ದರ, ಎಷ್ಟು ಮುಂಗಡ, ಯಂತ್ರ ನಿಂತರೆ ಯಾರಿಗೆ ಹೇಳಬೇಕು ಎಂಬುದನ್ನೆಲ್ಲ ಒಂದು ದಪ್ಪ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಿ. ನಿಮ್ಮನ್ನು ಕೇಳದೆ ಎಷ್ಟು ರೂಪಾಯಿವರೆಗಿನ ತೀರ್ಮಾನವನ್ನು ಕೆಲಸಗಾರರೇ ಮಾಡಬಹುದೆಂದು ಅದರಲ್ಲಿ ನಮೂದಿಸಿ. ಮೊದಲು ಒಂದು ಮಧ್ಯಾಹ್ನ, ಆಮೇಲೆ ಒಂದು ಇಡೀ ದಿನ ಅಂಗಡಿಯನ್ನು ಅವರಿಗೆ ಬಿಟ್ಟು ಹೋಗಿ. ನಾನು ಮೊದಲ ಸಲ ಬಿಟ್ಟು ಹೋದ ದಿನ ಒಂದು ಸಾವಿರ ಬಿಲ್ ಹಾಳೆ ಅಡ್ಡಾದಿಡ್ಡಿಯಾಗಿ ಕಟಿಂಗ್ ಆಗಿತ್ತು. ಮರುದಿನ ನಾವು ಯಾರನ್ನೂ ಬೈಯದೆ ಒಟ್ಟಿಗೆ ಕುಳಿತು, ಕಟಿಂಗಿನ ಮೊದಲು ಒಂದು ಹಾಳೆಯನ್ನು ಅಳೆದು ನೋಡಬೇಕೆಂಬ ಸಾಲನ್ನು ಆ ಪುಸ್ತಕಕ್ಕೆ ಸೇರಿಸಿದೆವು. ಮುಂದಿನ ವಾರ ನಾನು ಮತ್ತೆ ಬೀಗದ ಕೈ ಕೊಟ್ಟು ಹೋದೆ.