ಬ್ಯಾಂಕಾಕ್‌ನ ಬುದ್ಧನೆದುರು ಕಾಲು ಚಾಚಬೇಡಿ

ಬ್ಯಾಂಕಾಕ್‌ಗೆ ಹೋದವರು ವಾಟ್ ಫೋ, ವಾಟ್ ಫ್ರಾ ಕೇವ್ ಎಂಬ ಬೌದ್ಧ ದೇವಾಲಯಗಳನ್ನು ನೋಡದೆ ಬರುವುದು ಕಡಿಮೆ. ವಾಟ್ ಫೋದಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧನಿದ್ದಾನೆ. ಎರಡೂ ಕಡೆ ಅಲ್ಲಿನ ಜನ ಕೈಮುಗಿಯಲು ಬರುತ್ತಾರೆ. ಅವರ ಮನಸ್ಸು ನೋಯದಂತೆ ನಡೆದುಕೊಳ್ಳುವುದು ಕಷ್ಟವೇನಲ್ಲ.

ಮೊದಲು ಬಟ್ಟೆ. ಭುಜ, ಮೊಣಕಾಲು ಮುಚ್ಚಿರಲಿ. ರಾಜರ ಅರಮನೆಯಾದ ಗ್ರ್ಯಾಂಡ್ ಪ್ಯಾಲೇಸ್‌ನ ಆವರಣದಲ್ಲೇ ವಾಟ್ ಫ್ರಾ ಕೇವ್ ಇರುವುದರಿಂದ ಶಾರ್ಟ್ಸ್, ಸ್ಲೀವ್‌ಲೆಸ್ ಹಾಕಿದವರನ್ನು ಬಾಗಿಲಲ್ಲೇ ತಡೆಯುತ್ತಾರೆ.

ಒಳಗೆ ಹೋಗುವಾಗ ಚಪ್ಪಲಿ, ಟೊಪ್ಪಿ ತೆಗೆಯಿರಿ. ಹೊಸಿಲು ತುಳಿಯದೆ ದಾಟಿ. ಇದೆಲ್ಲ ನಮಗೆ ಮನೆಯಲ್ಲೇ ರೂಢಿ, ಅಲ್ವಾ? ವಾಟ್ ಫ್ರಾ ಕೇವ್‌ನ ಗರ್ಭಗುಡಿಯೊಳಗೆ ಫೋಟೊ ತೆಗೆಯುವಂತಿಲ್ಲ.

ಕೂರುವಾಗ ಜಾಸ್ತಿ ಗಮನ ಬೇಕು. ಎರಡೂ ಕಾಲನ್ನು ಒಂದೇ ಬದಿಗೆ ಮಡಚಿ, ಪಾದ ಹಿಂದಕ್ಕಿರುವಂತೆ ಕೂತುಕೊಳ್ಳಿ. ಅಂಗಾಲು ಬುದ್ಧನ ಕಡೆಗಾಗಲಿ, ಜನರ ಕಡೆಗಾಗಲಿ ತಿರುಗಬಾರದು. ಥಾಯ್ ಜನರಿಗೆ ಮೈಯಲ್ಲಿ ತಲೆ ಎಲ್ಲಕ್ಕಿಂತ ಪವಿತ್ರ, ಪಾದ ಎಲ್ಲಕ್ಕಿಂತ ಕೀಳು. ಹಾಗಾಗಿ ಕಾಲಿನಿಂದ ಬ್ಯಾಗ್ ಸರಿಸುವುದು, ಬಾಗಿಲು ತಳ್ಳುವುದು ಬೇಡ. ಮುದ್ದು ಬಂದರೂ ಅಪರಿಚಿತ ಮಕ್ಕಳ ತಲೆ ಸವರಬೇಡಿ. ನಮ್ಮವರು ಪ್ರೀತಿಯಿಂದಲೇ ಹೆಚ್ಚಾಗಿ ಎಡವುವುದು ಇಲ್ಲಿ.

ಥಾಯ್ ಜನ ಕೈಮುಗಿಯುವುದಕ್ಕೆ 'ವಾಯ್' ಅನ್ನುತ್ತಾರೆ. ನಮಸ್ಕಾರದಂತೆಯೇ ಕಂಡರೂ ಅದರಲ್ಲಿ ಹಿರಿ-ಕಿರಿಯರ ಲೆಕ್ಕ ಇದೆ. ಕಿರಿಯರು ಮೊದಲು ಮುಗಿಯಬೇಕು. ಸಮಾನರಾದರೆ ಕೈ ಎದೆ-ಗಲ್ಲದ ಮಟ್ಟದಲ್ಲಿ, ಹಿರಿಯರಿಗೆ ಹೆಬ್ಬೆರಳ ತುದಿ ಮೂಗಿನವರೆಗೆ, ಭಿಕ್ಷುಗಳಿಗೆ ಹುಬ್ಬಿನವರೆಗೆ. ಜೊತೆಗೆ ತಲೆ ಬಾಗಿಸಬೇಕು. ಹೋಟೆಲ್ ಸಿಬ್ಬಂದಿ, ಮಕ್ಕಳು ಮುಗಿದರೆ ನಕ್ಕು ತಲೆಯಾಡಿಸಿದರೆ ಸಾಕು. ಭಿಕ್ಷುಗಳು ತಿರುಗಿ ಕೈಮುಗಿಯುವುದಿಲ್ಲ. ಅದು ಅವರ ನಿಯಮ, ಬೇಸರ ಬೇಡ.

ಹೆಂಗಸರು ಭಿಕ್ಷುಗಳನ್ನು ಮುಟ್ಟುವಂತಿಲ್ಲ, ಏನನ್ನೂ ನೇರವಾಗಿ ಅವರ ಕೈಗೆ ಕೊಡುವಂತಿಲ್ಲ. ಅವರು ಹಾಸಿದ ಬಟ್ಟೆಯ ಮೇಲಿಡಿ, ಇಲ್ಲವೇ ಜೊತೆಗಿರುವ ಗಂಡಸರ ಕೈಯಲ್ಲಿ ಕೊಡಿಸಿ.

ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ರಾಷ್ಟ್ರಗೀತೆ ಕೇಳಿಸಿದರೆ ಎಲ್ಲರಂತೆ ಎದ್ದು ನಿಲ್ಲಿ. ರಾಜಮನೆತನದ ಬಗ್ಗೆ ಹಗುರ ಮಾತು ಬೇಡವೇ ಬೇಡ. ರಾಜನನ್ನು ಅವಮಾನಿಸಿದರೆ ದಂಡಸಂಹಿತೆಯ 112ನೇ ವಿಧಿಯಡಿ ಪ್ರತಿ ಆರೋಪಕ್ಕೂ 3ರಿಂದ 15 ವರ್ಷ ಜೈಲು. ನೋಟಿನ ಮೇಲೂ ರಾಜನ ಚಿತ್ರವಿರುತ್ತದೆ. ಕೆಳಗೆ ಬಿದ್ದ ನೋಟನ್ನು ಕಾಲಿನಿಂದ ಒತ್ತಿ ಹಿಡಿಯಬೇಡಿ, ಬಗ್ಗಿ ಎತ್ತಿಕೊಳ್ಳಿ.

ಬುದ್ಧನ ವಿಗ್ರಹ ಕೊಳ್ಳುವ ಆಸೆಯಿದ್ದರೆ, ದೇಶದಾಚೆ ಒಯ್ಯಲು ಅಲ್ಲಿನ ಲಲಿತಕಲಾ ಇಲಾಖೆಯ ಪರವಾನಗಿ ಬೇಕಾಗುತ್ತದೆ. ದುಡ್ಡು ಕೊಡುವ ಮೊದಲೇ ಅಂಗಡಿಯವರನ್ನು ವಿಚಾರಿಸಿ.