ಬೆಲೆಗಿಂತ ಮೊದಲು ಹೊತ್ತಿನ ಲೆಕ್ಕ: ಕುಶಲಕರ್ಮಿಗೆ ನ್ಯಾಯವಾದ ಗಳಿಕೆ ಸಿಗುವುದು ಹೇಗೆ?

ಕೈಯಲ್ಲಿ ಹೆಣೆದ ಬುಟ್ಟಿ ಕೊಳ್ಳುವಾಗ ನಾವು ಬೆಲೆ ಕೇಳುತ್ತೇವೆ. ಹೆಣೆಯಲು ಎಷ್ಟು ಹೊತ್ತು ಹಿಡಿಯಿತು ಎಂದು ಕೇಳುವುದಿಲ್ಲ, ಅಲ್ವಾ? ಎಷ್ಟೋ ಸಲ ಹೆಣೆದವರ ಹತ್ತಿರವೂ ಆ ಲೆಕ್ಕ ಇರುವುದಿಲ್ಲ. ಬಡ ಕುಶಲಕರ್ಮಿಗಳಿಗೆ ನೆರವಾಗಲು ಹೊರಟವರು ಅಲ್ಲಿಂದಲೇ ಶುರು ಮಾಡಬೇಕು.

ಮೊದಲು ಅವರ ಪಕ್ಕದಲ್ಲಿ ಕೂತು, ಒಂದು ವಸ್ತು ತಯಾರಾಗುವುದನ್ನು ಪೂರ್ತಿ ನೋಡಿ ಬರೆದಿಡಿ. ಸೀಳುವುದು, ನೆನೆಸುವುದು, ಬಣ್ಣ ಹಾಕುವುದು, ಒಣಗಿಸುವುದು ಎಲ್ಲವೂ ಕೆಲಸವೇ. ಮೂರ್ನಾಲ್ಕು ಮಂದಿಯ ಹೊತ್ತು ಅಳೆಯಿರಿ. ಎಲ್ಲರಿಗಿಂತ ಚುರುಕಾದವರನ್ನೇ ಲೆಕ್ಕಕ್ಕೆ ಹಿಡಿದರೆ ಉಳಿದವರಿಗೆ ಕೂಲಿ ಕಡಿಮೆ ಬೀಳುತ್ತದೆ.

ಆಮೇಲೆ ದಿನದ ಕೂಲಿ. ಊಟ, ಬಾಡಿಗೆ, ಔಷಧಿ, ಮಕ್ಕಳ ಓದು ಸೇರಿ ಸಂಸಾರಕ್ಕೆ ತಿಂಗಳಿಗೆ ಎಷ್ಟು ಬೇಕು ಎಂದು ಅವರನ್ನೇ ಕೇಳಿ, ದುಡಿಯುವ ದಿನಗಳಿಂದ ಭಾಗಿಸಿ. ಕಾನೂನಿನ ಕನಿಷ್ಠ ಕೂಲಿ ಅದಕ್ಕಿಂತ ಜಾಸ್ತಿ ಇದ್ದರೆ ಅದನ್ನೇ ಹಿಡಿಯಿರಿ. ಬುಟ್ಟಿಗೆ 12 ಗಂಟೆ ಬೇಕು, ದಿನದಲ್ಲಿ ಹೆಣೆಯಲು ಸಿಗುವುದು 6 ಗಂಟೆ ಎಂದಿಟ್ಟುಕೊಳ್ಳಿ. ಕೊಡಬೇಕಾದ್ದು ಎರಡು ದಿನದ ಕೂಲಿ. ದಿನಕ್ಕೆ 8 ಗಂಟೆ ಎಂದು ಲೆಕ್ಕ ಹಾಕಿ ಒಂದೂವರೆ ದಿನಕ್ಕೆ ಇಳಿಸಬೇಡಿ. ಕಚ್ಚಾವಸ್ತು, ಉಪಕರಣದ ಸವೆತ, ಸಾಗಾಟ, ಹಾಳಾದ ಮಾಲು ಇವನ್ನೂ ಕೂಡಿಸಿ. ಅಂಗಡಿಯವರು ಸಾಮಾನ್ಯವಾಗಿ ತಾವು ಕೊಟ್ಟ ಬೆಲೆಯನ್ನು ದುಪ್ಪಟ್ಟು ಮಾಡಿ ಮಾರುತ್ತಾರೆ. ಇಷ್ಟು ದುಬಾರಿಯಾದರೆ ಯಾರು ಕೊಳ್ಳುತ್ತಾರೆ ಅನ್ನಿಸಿದರೆ ಕೂಲಿಗೆ ಕೈ ಹಾಕಬೇಡಿ. ವಿನ್ಯಾಸ ಬದಲಿಸಿ: ಅಳತೆ ಚಿಕ್ಕದು ಮಾಡಿ, ಜಾಸ್ತಿ ಹೊತ್ತು ತಿನ್ನುವ ಅಂಚನ್ನು ಸರಳ ಮಾಡಿ.

ಇನ್ನು ಮುಂಗಡ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಕೈಯಲ್ಲಿ ದುಡ್ಡಿಲ್ಲದವರು ಕಚ್ಚಾವಸ್ತುವಿಗೆ ವ್ಯಾಪಾರಿಯ ಹತ್ತಿರವೇ ಸಾಲ ಮಾಡುತ್ತಾರೆ. ಆಮೇಲೆ ಅವನು ಹೇಳಿದ ಬೆಲೆಗೇ ಮಾರಬೇಕಾಗುತ್ತದೆ. ನ್ಯಾಯವಾದ ವ್ಯಾಪಾರ ಮಾಡುವ ಸಂಸ್ಥೆಗಳ ಜಾಗತಿಕ ಒಕ್ಕೂಟವಾದ ವರ್ಲ್ಡ್ ಫೇರ್ ಟ್ರೇಡ್ ಆರ್ಗನೈಸೇಶನ್‌ನ 10 ತತ್ವಗಳಲ್ಲಿ ಇದಕ್ಕೆ ದಾರಿ ಇದೆ: ಕರಕುಶಲ ವಸ್ತುಗಳಿಗೆ, ಮಾಡುವವರು ಕೇಳಿದರೆ, ಕನಿಷ್ಠ ಶೇ 50ರಷ್ಟು ಮುಂಗಡವನ್ನು ಬಡ್ಡಿಯಿಲ್ಲದೆ ಕೊಡಬೇಕು. ಎಣಿಕೆ, ಅಳತೆ, ಬಣ್ಣ, ದಿನಾಂಕ, ಬೆಲೆ ಎಲ್ಲವನ್ನೂ ಕಾಗದದ ಮೇಲೆ ಬರೆಯಿರಿ. ಆರ್ಡರ್ ರದ್ದಾದರೆ ನಷ್ಟ ಯಾರದು ಎಂಬುದನ್ನೂ ಬರೆಯಿರಿ.

ಮಾರಾಟ ಚಿಕ್ಕದಾಗಿ ಶುರುವಾದರೆ ಸಾಕು. ಅಮೆರಿಕದ ಎಡ್ನಾ ರೂತ್ ಬೈಲರ್ 1946ರಲ್ಲಿ ಪೋರ್ಟೊ ರಿಕೊದ ಬಡ ಹೆಂಗಸರ ಕಸೂತಿ ಬಟ್ಟೆಗಳನ್ನು ಕೊಂಡು ತಂದು, ಕಾರಿನಲ್ಲಿಟ್ಟುಕೊಂಡು ಪರಿಚಯದವರಿಗೆ ಮಾರಿದರು. ಅದೇ ಮುಂದೆ ಕುಶಲಕರ್ಮಿಗಳ ವಸ್ತುಗಳನ್ನು ಮಾರುವ ಟೆನ್ ಥೌಸಂಡ್ ವಿಲೇಜಸ್ ಎಂಬ ಸಂಸ್ಥೆಯಾಗಿ ಬೆಳೆಯಿತು. ಹಗಲು ಬೆಳಕಿನಲ್ಲಿ ಫೋಟೊ ತೆಗೆಯಿರಿ, ಅಳತೆ ಸರಿಯಾಗಿ ಹೇಳಿ. ಮಾಡಿದವರ ಬಡತನ ತೋರಿಸಿ ಮಾರಬೇಡಿ. ಅವರ ಕೈಚಳಕದ ಬಗ್ಗೆ ಹೇಳಿ, ಅದನ್ನೂ ಅವರ ಒಪ್ಪಿಗೆ ಪಡೆದು. ಒಬ್ಬನೇ ಗಿರಾಕಿಯನ್ನು ನಂಬಿ ಕೂರಬೇಡಿ.

ದುಡ್ಡು ಬಂದಾಗ, ಕೆಲಸ ಮಾಡಿದವರ ಖಾತೆಗೇ ಹಾಕಿ. ಕಸೂತಿ ಹೆಂಡತಿಯದಾಗಿದ್ದರೆ ದುಡ್ಡನ್ನು ಗಂಡನ ಕೈಗೆ ಕೊಡಬೇಡಿ.