ಕೆರೆಗೆ ಹೋಗುವ ದಾರಿ ಗ್ರಾಮ ನಕ್ಷೆಯಲ್ಲಿತ್ತು

"ಸಾರ್, ನಮ್ ದೇವ್ರು ಕೆರೆಗೆ ಹೋಗಾಕ ದಾರಿ ಇಲ್ದಂಗಾಗೈತಿ ನೋಡ್ರಿ" ಎಂದು ನಾಲ್ವರು ಹಿರಿಯರು ಕಚೇರಿಗೆ ಬಂದು ಕೂತಾಗ, ನಾನು ಮೊದಲು ತೆಗೆದದ್ದು ನಮ್ಮ ಕಚೇರಿಯೇ ಅನುಮೋದಿಸಿದ್ದ ಅಲ್ಲಿನ ಹೊಸ ಲೇಔಟ್ ನಕ್ಷೆ. ರಸ್ತೆ, ಉದ್ಯಾನ, ಕೆರೆಯ ಗಡಿಯಿಂದ 30 ಮೀಟರ್ ಬಿಟ್ಟ ಜಾಗ, ಎಲ್ಲವೂ ನಿಯಮದಂತೆಯೇ ಇತ್ತು. ನಕ್ಷೆಯ ಕೆಳಗಿದ್ದ ಪರಿಶೀಲನಾ ಟಿಪ್ಪಣಿ ನನ್ನ ಕೈಬರಹದ್ದೇ. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ ಪ್ರಕಾರ ಕೆರೆಗೆ ಎಷ್ಟು ಹತ್ತಿರ ಕಟ್ಟಬಾರದು ಎಂಬುದನ್ನು ನೋಡಿದ್ದೆ. ಕೆರೆಗೆ ಜನ ಎಲ್ಲಿಂದ ಹೋಗುತ್ತಾರೆ ಎಂಬುದನ್ನು ನೋಡಿರಲಿಲ್ಲ.

ದಾವಣಗೆರೆ ಬೆಳೆಯುತ್ತ ಬಂದು ನುಂಗಿಕೊಂಡ ಹಳ್ಳಿ ಅದು. ಭದ್ರಾ ನಾಲೆಯ ನೀರಿಗೆ ಭತ್ತ ಬೆಳೆಯುತ್ತಿದ್ದ ಗದ್ದೆಗಳೆಲ್ಲ ಸೈಟುಗಳಾಗಿವೆ. ಜಾತ್ರೆಗೆ ಮುಂಚೆ ಊರದೇವರನ್ನು ಪಲ್ಲಕ್ಕಿಯಲ್ಲಿ ಕೆರೆಗೆ ಕರೆದೊಯ್ದು ಗಂಗೆಪೂಜೆ ಮಾಡುವುದು ಅಲ್ಲಿನ ಪದ್ಧತಿ. ಆ ವರ್ಷ ಪಲ್ಲಕ್ಕಿ ಆಳೆತ್ತರದ ಕಾಂಪೌಂಡ್ ಗೋಡೆಯ ಮುಂದೆ ಹೋಗಿ ನಿಂತಿತ್ತು.

ಗ್ರಾಮ ನಕ್ಷೆ ತರಿಸಿದೆ. ಒಂಟಿ ಚುಕ್ಕೆಗೆರೆ ಎಂದರೆ ಕಾಲುದಾರಿ, ಜೋಡಿ ಗೆರೆಯಾದರೆ ಬಂಡಿದಾರಿ. ಗುಡಿಯ ಹಿಂದಿನಿಂದ ಹೊರಟ ಒಂಟಿ ಗೆರೆಯೊಂದು ಎರಡು ಸರ್ವೆ ನಂಬರು ದಾಟಿ ನೇರ ಕೆರೆಯಂಗಳಕ್ಕೆ ಇಳಿದಿತ್ತು. ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯ ಬರೆದಿಡುವ ಆಕಾರ್‌ಬಂದ್ ತೆಗೆದರೆ ಅದೇ ನಂಬರುಗಳಲ್ಲಿ ಕೆಲವು ಗುಂಟೆ 'ಬ' ಖರಾಬು. ನಮ್ಮಲ್ಲಿ ಬಹಳ ಜನ ಖರಾಬು ಎಂದರೆ ಕೆಲಸಕ್ಕೆ ಬಾರದ ನೆಲ ಎಂದುಕೊಳ್ಳುತ್ತಾರೆ. 'ಅ' ಖರಾಬಿಗೆ ಆ ಮಾತು ಒಪ್ಪಬಹುದು, ಅದು ಬೇಸಾಯಕ್ಕೆ ಬಾರದ ನೆಲ. 'ಬ' ಖರಾಬು ಹಾಗಲ್ಲ: 1966ರ ಭೂ ಕಂದಾಯ ನಿಯಮಗಳ ಪ್ರಕಾರ ಅದು ಸಾರ್ವಜನಿಕ ಉಪಯೋಗಕ್ಕೆಂದು ಕಂದಾಯ ಹಾಕದೆ ಬಿಟ್ಟ ನೆಲ. ರಸ್ತೆ, ರೂಢಿಯ ಕಾಲುದಾರಿ, ನಾಲ್ಕು ಜನ ಬಳಸುವ ಕೆರೆ, ಹಳ್ಳ, ಸ್ಮಶಾನ ಎಲ್ಲ ಅದರಲ್ಲೇ ಬರುತ್ತವೆ. 1964ರ ಭೂ ಕಂದಾಯ ಕಾಯ್ದೆಯ 67ನೇ ಕಲಂ ಇಂಥ ದಾರಿ, ಕೆರೆಗಳೆಲ್ಲ ಸರ್ಕಾರದ ಸ್ವತ್ತು ಎನ್ನುತ್ತದೆ. ದಾರಿಯ ಮೇಲೆ ಜನರಿಗಿರುವ ಹಕ್ಕು ತೆಗೆಯಬೇಕಾದರೆ 68ನೇ ಕಲಮಿನಂತೆ ಬಹಿರಂಗವಾಗಿ ಪ್ರಕಟಿಸಿ ಆಕ್ಷೇಪಣೆ ಕೇಳಬೇಕು. ಇಲ್ಲಿ ಯಾರೂ ಏನನ್ನೂ ಪ್ರಕಟಿಸಿರಲಿಲ್ಲ, ಕೇಳಿರಲಿಲ್ಲ. ಹೊಲದವರು ಉಳುತ್ತ ಉಳುತ್ತ ದಾರಿ ಸಣ್ಣದಾಗಿತ್ತು, ಲೇಔಟ್ ಬಂದು ಪೂರ್ತಿ ಮುಚ್ಚಿತ್ತು.

ಲೇಔಟಿನ ಸೈಟುಗಳನ್ನು ಮಾರಾಟಕ್ಕೆ ನಾವು ಕಂತಿನಲ್ಲಿ ಬಿಡುಗಡೆ ಮಾಡುತ್ತೇವೆ, ಕೊನೆಯ ಕಂತು ಇನ್ನೂ ಬಾಕಿ ಇತ್ತು. ಅದೊಂದೇ ನಮ್ಮ ಕೈಯಲ್ಲಿದ್ದ ಹಿಡಿತ. ಭೂಮಾಪಕರನ್ನು ಕರೆದುಕೊಂಡು ಹೋಗಿ ಅಳತೆ ಮಾಡಿಸಿದೆವು, ಹದ್ದುಕಲ್ಲು ಹುಡುಕಿಸಿದೆವು. ಲೇಔಟ್ ಮಾಡಿದವರು ಜಗಳಕ್ಕೆ ಬರುತ್ತಾರೆ ಎಂದುಕೊಂಡಿದ್ದೆ, ಅವರು ಕೇಳಿದ್ದು ಬೇರೆಯೇ: "ದಾರಿ ಬಿಟ್ರೆ ಯಾರ್ಯಾರೋ ಒಳಗೆ ಬರ್ತಾರೆ ಸಾರ್, ಸೈಟ್ ತಗೊಂಡೋರಿಗೆ ನಾನೇನು ಹೇಳ್ಲಿ?" ಬರುವವರು ಯಾರ್ಯಾರೋ ಅಲ್ಲ, ಇಲ್ಲಿಗೆ ನಿಮಗಿಂತ ಮೊದಲು ಬಂದವರು ಎಂದೆ. ಮೂರು ಸಲ ಕೂತು ಮಾತಾಡಿದ ಮೇಲೆ ನಕ್ಷೆ ತಿದ್ದುಪಡಿಯಾಯಿತು. ಹಳೆಯ ಗೆರೆಯ ಗುಂಟವೇ ದಾರಿ ಬಂತು. ಒಂದು ಸೈಟಿನ ಅಂಚು ಹೋಯಿತು, ಉಳಿದದ್ದು ಉದ್ಯಾನದೊಳಗೇ ಸಾಗಿತು.

ಕೆಲಸ ಮುಗಿಯಿತು ಎಂದುಕೊಂಡೆ. ಅಸಲಿಗೆ ನಾನು ಕಲಿತದ್ದೆಲ್ಲ ಅದಾದ ಮೇಲೆ.

ನಾನು ದಾರಿಗೆ 3 ಮೀಟರ್ ಅಗಲ ಬರೆದಿದ್ದೆ. ನಡೆಯುವವರಿಗೆ ಅಷ್ಟು ಸಾಕು ಎಂಬುದು ನನ್ನ ಲೆಕ್ಕ. ಪೂಜಾರಪ್ಪ ನಕ್ಷೆಯ ಕಡೆ ನೋಡಲೂ ಇಲ್ಲ, "ಬರ್ರಿ ಸಾರ್" ಎಂದು ಹೊರಗೆ ಕರೆದುಕೊಂಡು ಹೋದರು. ಪಲ್ಲಕ್ಕಿ ಹೊರುವವರನ್ನು ನಿಲ್ಲಿಸಿದರು, ಪಕ್ಕಕ್ಕೆ ಡೊಳ್ಳಿನವರು, ಹಿಂದೆ ಕುಂಭ ಹೊತ್ತ ಹೆಣ್ಣುಮಕ್ಕಳು. ಹಗ್ಗ ಹಿಡಿದು ಅಳೆದೆವು. ನೇರ ದಾರಿಯಲ್ಲೇ 3 ಮೀಟರ್ ಇಕ್ಕಟ್ಟು, ತಿರುವಿನಲ್ಲಂತೂ ಪಲ್ಲಕ್ಕಿಯ ದಂಡಿಗೆ ತಿರುಗುತ್ತಲೇ ಇರಲಿಲ್ಲ. ದಾರಿಯನ್ನು 5 ಮೀಟರ್ ಮಾಡಿ, ತಿರುವಿನ ಮೂಲೆಯನ್ನು ಓರೆಯಾಗಿ ಕತ್ತರಿಸಿದೆವು.

ದಾರಿಯ ಕೊನೆಗೆ ನೀರಿಗಿಳಿಯುವ ಮೆಟ್ಟಿಲಿಗೆ ನಾವು ಗುರುತಿಸಿದ್ದ ಜಾಗ ಏರಿಯ ಬದಿ. ಅಲ್ಲಿಂದ ನೀರು ಚೆನ್ನಾಗಿ ಕಾಣುತ್ತದೆ, ಫೋಟೊಗೂ ಚೆಂದ. ಅಲ್ಲೇ ಬಟ್ಟೆ ಒಗೆಯುತ್ತಿದ್ದ ಒಬ್ಬ ಅಜ್ಜಿ ಕೈ ಒರೆಸಿಕೊಂಡು ಬಂದು, "ಬ್ಯಾಡಪ್ಪಾ, ಅಲ್ಲಿ ಮಡು ಐತಿ. ಕೂಸು ಜಾರಿದ್ರ ಸಿಗಂಗಿಲ್ಲ" ಎಂದರು. ಎಂಜಿನಿಯರ್ ಕೂಡಲೇ ತಲೆಯಾಡಿಸಿದರು. ಕೆರೆ ಕಟ್ಟುವುದೇ ನೀರು ಹರಿದು ಬರುವ ತಗ್ಗಿಗೆ ಅಡ್ಡಲಾಗಿ. ಅತಿ ಆಳ ಇರುವುದು ಏರಿಯ ಬುಡದಲ್ಲಿ, ತೂಬಿನ ಹತ್ತಿರ. ನೀರು ತೆಳುವಾಗಿ ಹರಡುವುದು ಅದರ ಎದುರು ಬದಿಯ ಕೆರೆಯಂಗಳದಲ್ಲಿ. ಇದು ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಅಜ್ಜಿಗೆ ಕಾಲಿನಲ್ಲಿ ಗೊತ್ತಿತ್ತು. ಮೆಟ್ಟಿಲನ್ನು ಪಕ್ಕದ ದಂಡೆಗೆ ಸರಿಸಿದೆವು.

ಇನ್ನೊಂದು ತಪ್ಪನ್ನು ಬೇಸಿಗೆ ತೋರಿಸಿತು. ಕೆರೆ ತುಂಬಿದ ಮಟ್ಟಕ್ಕೆ ಮೆಟ್ಟಿಲು ನಿಲ್ಲಿಸಿದರೆ ಏಪ್ರಿಲ್‌ನಲ್ಲಿ ಮೆಟ್ಟಿಲಿಗೂ ನೀರಿಗೂ ನಡುವೆ ಎರೆಮಣ್ಣಿನ ಕೆಸರು. ನಮ್ಮ ಎರೆಮಣ್ಣು ಹಸಿಯಿದ್ದಾಗ ಮೊಣಕಾಲಿನವರೆಗೆ ಹಿಡಿಯುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ದನ ಸಿಕ್ಕಿಕೊಂಡರೆ ಎಳೆಯುವುದು ಕಷ್ಟ. ನಾನು ಮೊದಲು ಚಿತ್ರದುರ್ಗದಲ್ಲಿದ್ದಾಗ ಸಂತೆಹೊಂಡದ ಮೆಟ್ಟಿಲುಗಳನ್ನು ಎಷ್ಟೋ ಸಂಜೆ ನೋಡುತ್ತ ನಿಂತದ್ದುಂಟು. ಪಾಳೇಗಾರರ ಕಾಲದವರು ಮೆಟ್ಟಿಲನ್ನು ನೀರಿನ ಜೊತೆ ಕೆಳಗಿಳಿಸಿದ್ದರು, ನೀರು ಎಷ್ಟಕ್ಕೆ ನಿಂತರೂ ಕೊಡಕ್ಕೆ ಸಿಗಲಿ ಎಂದು. ಕೆರೆಗೆ ಅಷ್ಟು ಮೆಟ್ಟಿಲು ಕಟ್ಟಲು ಹಣವಿರಲಿಲ್ಲ. ಹತ್ತಾರು ಮೆಟ್ಟಿಲಿನ ಮುಂದೆ ಸೈಜುಗಲ್ಲು ಹಾಸಿದ ಉದ್ದನೆಯ ಇಳಿಜಾರು ಮಾಡಿದೆವು. ದನ ಅದರ ಮೇಲೇ ಇಳಿಯುತ್ತವೆ, ಮೊಣಕಾಲು ನೋವಿನ ಹಿರಿಯರೂ.

ಗೇಟಿನ ವಿಷಯದಲ್ಲಿ ನಮ್ಮವರೊಂದಿಗೇ ಜಗಳವಾಯಿತು. ಗೇಟಿಲ್ಲದಿದ್ದರೆ ರಾತ್ರಿ ಟ್ರ್ಯಾಕ್ಟರ್‌ನಲ್ಲಿ ಕಟ್ಟಡದ ಅವಶೇಷ ತಂದು ಸುರಿಯುತ್ತಾರೆ ಎಂಬುದು ಅವರ ವಾದ, ಅದು ನಿಜವೂ ಹೌದು. ಆದರೆ ಗೇಟಿಗೆ ಬೀಗ ಬರುತ್ತದೆ, ಬೀಗಕ್ಕೆ ಸಮಯ ಬರುತ್ತದೆ, ಬೀಗದ ಕೈ ಇಟ್ಟುಕೊಂಡವರು ಊರಿಗೆ ಹೋಗುತ್ತಾರೆ. ಬೀಗ ಜಡಿದ ಉದ್ಯಾನದ ಬೇಲಿ ಹಾರುವ ಮಕ್ಕಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕೊನೆಗೆ ಕಲ್ಲುಗೂಟ ನೆಟ್ಟೆವು, ನಡುವೆ ನಾಲ್ಕು ಅಡಿ. ಮನುಷ್ಯರು, ದನ, ಸೈಕಲ್ ಹೋಗುತ್ತವೆ, ಟ್ರ್ಯಾಕ್ಟರ್ ಹೋಗುವುದಿಲ್ಲ. ಪಲ್ಲಕ್ಕಿಗಾಗಿ ನಡುವಿನ ಎರಡು ಗೂಟಗಳನ್ನು ಕುಳಿಯಲ್ಲಿ ಇಳಿಸಿದ್ದೇವೆ, ಜಾತ್ರೆಯ ದಿನ ಎತ್ತಿ ಪಕ್ಕಕ್ಕಿಡಬಹುದು.

ಎಲ್ಲ ಕೆರೆಗೂ ಇದೇ ಮಾದರಿ ಎಂದು ನಾನು ಹೇಳುವುದಿಲ್ಲ. ಕುಂದುವಾಡ ಕೆರೆ ಊರಿಗೆ ಕುಡಿಯುವ ನೀರು ಕೊಡುವ ಕೆರೆ. ಅಲ್ಲಿ ಬೆಳಗಿನ ಜಾವ ಏರಿಯ ಮೇಲೆ ಎಷ್ಟು ಜನ ನಡೆದರೂ ಸಂತೋಷ, ನೀರಿಗೆ ಇಳಿಯುವ ದಾರಿ ಬೇಡ. ಈ ಸಣ್ಣ ಕೆರೆಯಲ್ಲೂ ನೀರು ಬರುವ ಕಡೆಯ ಕೆರೆಯಂಗಳವನ್ನು ನಾವು ಮುಟ್ಟಲಿಲ್ಲ. ಸುತ್ತ ಏರಿ ಹಾಕಿ ವಾಕಿಂಗ್ ಟ್ರ್ಯಾಕ್ ಮಾಡಿ ಎಂಬ ಒತ್ತಾಯ ಬಂದಿತ್ತು. ಹಾಗೆ ಮಾಡಿದರೆ ತೆಳು ನೀರಿನಲ್ಲಿ ನಿಂತು ಮೇಯುವ ಕೊಕ್ಕರೆಗಳಿಗೆ ಜಾಗ ಇರುವುದಿಲ್ಲ, ಹಳ್ಳದ ನೀರಿಗೂ ಅಡ್ಡ ಕಟ್ಟಿದಂತೆ. ಜನರಿಗೆ ಒಂದು ಬದಿ ಸಾಕು ಎಂದು ಟಿಪ್ಪಣಿಯಲ್ಲಿ ಬರೆದು ಸಹಿ ಹಾಕಿದೆ.

ಮುಂದಿನ ಜಾತ್ರೆಗೆ ನನಗೂ ಹೇಳಿ ಕಳಿಸಿದ್ದರು. ಗೂಟ ಎತ್ತಿದರು, ಡೊಳ್ಳು ಮೊದಲು ಹೋಯಿತು, ಪಲ್ಲಕ್ಕಿ ತಿರುವಿನಲ್ಲಿ ಒಂದು ಸಲವೂ ನಿಲ್ಲದೆ ನೀರಿಗೆ ಇಳಿಯಿತು. ಆ ಸಂಭ್ರಮದಲ್ಲಿ ಗೂಟ ಮರಳಿ ಇಡುವುದನ್ನು ಎಲ್ಲರೂ ಮರೆತೆವು. ಎರಡು ದಿನ ಬಿಟ್ಟು ನೆನಪಾಗಿ ಗಾಬರಿಯಿಂದ ಓಡಿದರೆ ಗೂಟಗಳು ಕುಳಿಯಲ್ಲೇ ಇದ್ದವು. "ಅವತ್ ಸಂಜಿಗೇ ನಾವು ನಾಕು ಮಂದಿ ಎತ್ತಿ ಇಟ್ವಿ" ಎಂದರು ಅಜ್ಜಿ, ಸೀರೆ ಹಿಂಡುತ್ತ.